ವೀಸಾ ಖರ್ಚು ಯಾರ ಹೆಗಲಿಗೆ?

ಪ್ರಶ್ನೆ: ದುಬೈಯಲ್ಲಿ ವೆಲ್ಡರ್ ಕೆಲಸ ಕೊಡಿಸಲು ಏಜೆಂಟರು ವೀಸಾಕ್ಕೆಂದು ಲಕ್ಷಗಟ್ಟಲೆ ಕೇಳುತ್ತಾರೆ. ಅದನ್ನು ಕೆಲಸಗಾರನೇ ಕೊಡಬೇಕೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಕೊಡಬೇಕಿಲ್ಲ.

ಕೊಲ್ಲಿ ದೇಶಗಳಲ್ಲಿ ಕೆಲಸದ ವೀಸಾ ಮಾಡಿಸುವುದು ಕೆಲಸ ಕೊಡುವ ಕಂಪನಿ. ಅದೇ ಪ್ರಾಯೋಜಕ; ಹಳೆಯ ಹೆಸರು ಕಫೀಲ್. ನೇಮಕಾತಿಯ ವೆಚ್ಚವನ್ನು ಕೆಲಸಗಾರನಿಂದ ನೇರವಾಗಿಯಾಗಲಿ, ಸುತ್ತಿ ಬಳಸಿಯಾಗಲಿ ವಸೂಲು ಮಾಡುವಂತಿಲ್ಲ ಎಂದು ದುಬೈ ಸೇರಿರುವ ಯುಎಇಯ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ನಮ್ಮಲ್ಲೂ 1983ರ ವಲಸೆ ಕಾಯ್ದೆಯ ನಿಯಮಗಳಂತೆ ನೋಂದಾಯಿತ ಏಜೆಂಟರ ಸೇವಾಶುಲ್ಕ 30,000 ರೂಪಾಯಿ ಮೀರುವಂತಿಲ್ಲ, ಜಿಎಸ್‌ಟಿ ಬೇರೆ. ರಸೀದಿ ಕೊಡಲೇಬೇಕು.

ಭತ್ತ ಮಾರಿದ ರೊಕ್ಕ ಎಣಿಸಿಕೊಡುವ ಮುನ್ನ ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹುಡುಕಿ ನೋಡಬೇಕು. ಸಂಬಳ, ದುಡಿಮೆಯ ತಾಸು, ವಸತಿ ಬರೆದಿರುವ ಒಪ್ಪಂದ ಕೈಯಲ್ಲಿರಬೇಕು. ‘ಮೊದಲು ವಿಸಿಟ್ ವೀಸಾ, ಅಲ್ಲಿಗೆ ಹೋದ ಮೇಲೆ ಬದಲಿಸೋಣ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸುವುದು ಒಳ್ಳೆಯದು. ಆ ವೀಸಾದಲ್ಲಿ ದುಡಿಯುವುದೇ ಅಪರಾಧ, ದೂರು ಕೊಡಲೂ ಕಷ್ಟ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಅಂಥವರು ಯುಎಇ, ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ತಲೆನೋವೆನಿಸಿದರೂ ಇದು ಕಾವಲು: ಒಪ್ಪಂದ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದ ವಿಮೆ ಸಿಗುತ್ತದೆ.

ಇನ್ನೊಂದು ಮಾತು: ಪಾಸ್‌ಪೋರ್ಟನ್ನು ‘ಭದ್ರತೆಗೆ’ ಎಂದು ಮಾಲೀಕ ಇಟ್ಟುಕೊಳ್ಳುವುದೂ ಯುಎಇಯಲ್ಲಿ ಕಾನೂನುಬಾಹಿರ.