ಎಂಟು ರೂಪಾಯಿ ಮೂವತ್ತಾರು ಪೈಸೆ

2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಈರುಳ್ಳಿಯನ್ನು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನ ಯಶವಂತಪುರ ಎಪಿಎಂಸಿಗೆ ತಂದರು. ಕ್ವಿಂಟಲ್‌ಗೆ 200 ರೂಪಾಯಿ ದರ ಬಿತ್ತು. ಒಟ್ಟು 410 ರೂಪಾಯಿ. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ ಮುರಿದುಕೊಂಡ ಮೇಲೆ ಅವರ ಪಾಲಿಗೆ ಉಳಿದದ್ದು 8 ರೂಪಾಯಿ 36 ಪೈಸೆ. ಆ ಬಿಲ್ಲಿನ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು.

ಅದಕ್ಕೂ ಮೂರು ವರ್ಷ ಹಿಂದೆ, 2019ರ ಡಿಸೆಂಬರ್‌ನಲ್ಲಿ, ಇದೇ ಬೆಂಗಳೂರಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಕೆಲವು ಹೋಟೆಲುಗಳಲ್ಲಿ ಈರುಳ್ಳಿ ದೋಸೆಯೇ ಸಿಗುತ್ತಿರಲಿಲ್ಲ. ಒಂದು ಚಿಲ್ಲರೆ ದರ, ಇನ್ನೊಂದು ಸಗಟು ದರ, ನಿಜ. ಆದರೂ ಅಂದು ಕಿಲೋಗೆ 200, ಆಮೇಲೆ ಕ್ವಿಂಟಲ್‌ಗೆ 200 ಎಂದರೆ ಯಾರ ಅಂದಾಜಿಗೆ ಸಿಕ್ಕೀತು? 2019ರಲ್ಲಿ ಮಳೆ ಬೆಳೆಯನ್ನು ಕೊಳೆಸಿತು, ಸೆಪ್ಟೆಂಬರ್ ಕೊನೆಗೆ ಕೇಂದ್ರ ಸರ್ಕಾರ ರಫ್ತನ್ನೇ ನಿಲ್ಲಿಸಿತು, ದರ ಮಾತ್ರ ಏರುತ್ತಲೇ ಹೋಯಿತು. ಕಾರಣಗಳೆಲ್ಲ ಆಮೇಲೆ ಸಲೀಸಾಗಿ ಕೂಡಿಕೊಳ್ಳುತ್ತವೆ, ಅವತ್ತು ಬೆಳಿಗ್ಗೆ ಅಲ್ಲ. ಮಂಡಿಯಲ್ಲಿ ವರ್ಷಗಟ್ಟಲೆ ಕೂತವರನ್ನು ನಾಳಿನ ದರ ಕೇಳಿ ನೋಡಿ, “ಎಷ್ಟು ಲೋಡು ಬರುತ್ತೋ ನೋಡೋಣ ಸ್ವಾಮಿ” ಎಂದಾರೇ ಹೊರತು ಅಂಕಿ ಹೇಳಲಾರರು.

ಅಂಕಿ ಹೇಳುವವರು ಬೇರೆ ಕಡೆ ಇದ್ದಾರೆ. ಆರ್‌.ಟಿ. ನಗರದ ಟೀ ಅಂಗಡಿ ಮುಂದೆ, ಹೆಬ್ಬಾಳದ ಆಫೀಸು ಕ್ಯಾಬಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ. ನಿಫ್ಟಿ ಎಲ್ಲಿಗೆ ಹೋಗುತ್ತದೆ, ಯಾವ ಷೇರು ಡಬಲ್ ಆಗುತ್ತದೆ, ಎಲ್ಲ ಅವರಿಗೆ ನೂರಕ್ಕೆ ನೂರು ಗೊತ್ತು. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇ ಬೇರೆ. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಉಳಿದ ಏಳು ಮಂದಿಯ ದನಿಯೇ ಪಂಕ್ತಿಯಲ್ಲಿ ಜೋರು. 93 ಮಂದಿ ಪಾಯಸ ಮುಗಿಸಿ ಸುಮ್ಮನೆ ಎದ್ದು ಹೋಗಿರುತ್ತಾರೆ.

ಗದಗದ ರೈತರಿಗೂ ಈ ಹೂಡಿಕೆದಾರರಿಗೂ ದೊಡ್ಡ ವ್ಯತ್ಯಾಸವಿದೆ. ಬೆಳೆ ಕಿತ್ತಾದ ಮೇಲೆ ಮಾರದೆ ರೈತರಿಗೆ ಗತಿಯಿಲ್ಲ. ಸಂಬಳದವನಿಗೆ, ನಿವೃತ್ತನಿಗೆ ಆ ಒತ್ತಾಯವಿಲ್ಲ. ಎಷ್ಟು ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಅವನ ಕೈಯಲ್ಲೇ ಇದೆ. ಬೆಲೆ ಊಹಿಸಲು ಹೋಗಿ ಕೈ ಸುಟ್ಟುಕೊಳ್ಳುವವನು ತನಗಿದ್ದ ಈ ಒಂದು ಅನುಕೂಲವನ್ನೂ ಬಿಟ್ಟುಕೊಟ್ಟಿರುತ್ತಾನೆ.

ಷೇರುಪೇಟೆಯ ಎರಡು ಕುಸಿತಗಳನ್ನೇ ತೆಗೆದುಕೊಳ್ಳಿ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ದಾಟಿ, ಅಕ್ಟೋಬರ್ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಆ ಜನವರಿಯಲ್ಲಿ ದಿನದ ವಹಿವಾಟಿನ ನಡುವೆ ಮುಟ್ಟಿದ್ದ ಗರಿಷ್ಠ ಎತ್ತರವನ್ನು ಮತ್ತೆ ದಾಟುವಷ್ಟರಲ್ಲಿ 2013 ಮುಗಿಯುತ್ತ ಬಂದಿತ್ತು. 2020ರ ಮಾರ್ಚ್ 23ರಂದು ಒಂದೇ ದಿನ 3,934 ಅಂಶ ಕುಸಿದು 26,000ದ ಕೆಳಗೆ ಇಳಿಯಿತು. ಅದೇ ನವೆಂಬರ್‌ನಲ್ಲಿ ಹಳೆಯ ದಾಖಲೆ ಮುರಿದು ಮೇಲೆ ಹೋಯಿತು. ಹಳೆಯ ಎತ್ತರದಿಂದ ಎಣಿಸಿದರೆ ಒಮ್ಮೆ ಆರು ವರ್ಷದ ಹತ್ತಿರ, ಇನ್ನೊಮ್ಮೆ ವರ್ಷಕ್ಕೂ ಕಡಿಮೆ. ಬೀಳುವ ದಿನ ಎರಡೂ ಒಂದೇ ಥರ ಕಾಣುತ್ತವೆ. ಎರಡು ವರ್ಷದಲ್ಲಿ ಮಗಳ ಕಾಲೇಜು ಫೀಜಿಗೆ ಬೇಕಾದ ದುಡ್ಡನ್ನು ಅಲ್ಲಿ ಇಟ್ಟವರಿಗೆ ಮೊದಲನೆಯದು ಬಂದರೆ ಗತಿ ಏನು?

“ಷೇರು ಬೇಡಪ್ಪ, ಸೈಟು ತಗೋ, ಭೂಮಿ ಎಲ್ಲಿ ಓಡಿಹೋಗುತ್ತೆ” ಎಂಬುದು ನಮ್ಮ ಕಡೆಯ ಹಳೇ ಉಪದೇಶ. ಭೂಮಿ ಓಡಿಹೋಗುವುದಿಲ್ಲ, ಸರಿ. ಅರ್ಕಾವತಿ ಬಡಾವಣೆಯ ಕಥೆ ಹೇಳುತ್ತೇನೆ. ಜಕ್ಕೂರು, ಸಂಪಿಗೇಹಳ್ಳಿ, ಥಣಿಸಂದ್ರ, ರಾಚೇನಹಳ್ಳಿ ಸೇರಿ 16 ಹಳ್ಳಿಗಳ ಜಮೀನಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು, 2004ರಲ್ಲಿ ಅಂತಿಮ ಅಧಿಸೂಚನೆ ಬಂತು. ಸರ್ಕಾರಿ ಮೊಹರು ಬಿದ್ದ ಸೈಟಿಗಿಂತ ಭದ್ರವಾದದ್ದು ಏನಿದೆ? ಆಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟಿನ 2010ರ ತೀರ್ಪು, ಸ್ವಾಧೀನದಿಂದ ಜಮೀನು ಕೈಬಿಟ್ಟ ಡಿನೋಟಿಫಿಕೇಷನ್ ಗದ್ದಲ, ಅದರ ತನಿಖೆಗೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ಹಂಚಿಕೆ ಪತ್ರ ಕೈಯಲ್ಲಿದ್ದೂ ನೆಲ ಸಿಗದೆ ಕಾದವರೆಷ್ಟೋ. ಕೆಲವರಿಗೆ ಕೊನೆಗೆ ನಗರದ ಇನ್ನೊಂದು ಮೂಲೆಯ ಕೆಂಪೇಗೌಡ ಬಡಾವಣೆಯಲ್ಲಿ ಬದಲಿ ನಿವೇಶನ ತೋರಿಸಲಾಯಿತು. ಇವರು ಯಾರೂ ಜೂಜಾಡಿದವರಲ್ಲ. ಅತಿ ಎಚ್ಚರದವರೇ ಈ ಪಾಡು ಪಟ್ಟರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗಂತ ಯಲಹಂಕದ ಸುತ್ತ ಜಮೀನು ಮಾಡಿ ಗೆದ್ದವರೇ ಇಲ್ಲವೆಂದಲ್ಲ. ದೇವನಹಳ್ಳಿ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು; ನಾಲ್ಕು ತಿಂಗಳೊಳಗೆ ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿ, ಇಲ್ಲಿನ ಜಮೀನಿನ ಪೇಟೆಯೂ ತಣ್ಣಗಾಯಿತು. ಸಾಲವಿಲ್ಲದೆ ಕೊಂಡು ಸುಮ್ಮನೆ ಕೂತವರಿಗೆ ಕಾಯುವ ಶಕ್ತಿಯಿತ್ತು. ಸಾಲ ಮಾಡಿ ಕೊಂಡವರಿಗೆ ಇಎಂಐ ಮೊದಲು ಬಂತು, ಬೆಲೆ ಆಮೇಲೆ ಬಂತು.

ನನ್ನ ಮಟ್ಟಿಗೆ ಹೂಡಿಕೆದಾರನ ವಿನಯವೆಂದರೆ ಕೈಕಟ್ಟಿ ಕೂರುವುದಲ್ಲ. ತನ್ನ ಊಹೆ ತಪ್ಪಿದರೂ ಮನೆ ನಡೆಯುವಂತೆ ದುಡ್ಡು ಹಂಚಿಡುವುದು. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಅರ್ಧಕ್ಕಿಳಿದರೆ ಮನೆಯಲ್ಲಿ ಏನು ನಿಲ್ಲುತ್ತದೆ? ಉತ್ತರ “ಏನೂ ಇಲ್ಲ” ಎಂದಾದರೆ ಹಾಕಿ. “ಅಪ್ಪನ ಔಷಧಿ” ಎಂದಾದರೆ ಆ ಹಣದ ಜಾಗ ಬ್ಯಾಂಕು. ಅಲ್ಲೂ ಕಣ್ಣು ತೆರೆದಿರಲಿ: ಠೇವಣಿ ವಿಮೆ ಇರುವುದು ಬಡ್ಡಿ ಸೇರಿಸಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷವಷ್ಟೇ ಇತ್ತು. ಅರ್ಧ ಪರ್ಸೆಂಟ್ ಬಡ್ಡಿಯಾಸೆಗೆ ನಿವೃತ್ತಿಯ ಗಂಟನ್ನೆಲ್ಲ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಡುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಈಗ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣದ ಮೆಟ್ರೊ ಕಂಬಗಳು ಎದ್ದಿವೆ. ಮೆಟ್ರೊ ಬಂದರೆ ಬೆಲೆ ಎಲ್ಲಿಗೋ ಹೋಗುತ್ತದೆ ಎನ್ನುವ ಬ್ರೋಕರುಗಳು ಭಾನುವಾರ ಕಾರಿನಲ್ಲೇ ಕರೆದುಕೊಂಡು ಹೋಗಿ ಸೈಟು ತೋರಿಸುತ್ತಾರೆ. ಹೋಗಬಹುದು. ಆದರೆ ಕೊಳ್ಳುವವರು ಮೊದಲು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಸುದ್ದಿಯನ್ನೊಮ್ಮೆ ಓದಿಕೊಳ್ಳಲಿ. ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು, ರೈತರ ದೀರ್ಘ ಹೋರಾಟದ ನಂತರ, 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ರೈತರಿಗೆ ಅದು ಗೆಲುವು. ಪಾರ್ಕು ಬಂದೇ ಬರುತ್ತದೆಂದು ಪಕ್ಕದಲ್ಲಿ ಸಾಲ ಮಾಡಿ ನೆಲ ಕೊಂಡವರು ಯಾರಾದರೂ ಇದ್ದಿದ್ದರೆ, ಮರುದಿನದಿಂದ ಅವರು ಹೊಸ ಲೆಕ್ಕ ಹಾಕಬೇಕಿತ್ತು.