ಡೆತ್ ಓವರ್ ಬೌಲರ್‌ಗಳನ್ನು ನಂಬಿದರೆ ಫ್ಯಾಂಟಸಿ ತಂಡ ಮುಳುಗುವುದೇಕೆ? 24 ಎಸೆತಗಳ ಲೆಕ್ಕಾಚಾರ

ಐಪಿಎಲ್ ಸಮಯದಲ್ಲಿ ಮಂಗಳೂರು, ಉಪ್ಪಿನಂಗಡಿ ಕಡೆಯಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು ಗುಂಡ್ಯ ತಲುಪುವ ಹೊತ್ತಿಗೆ ಪಂದ್ಯ ಕೊನೆಯ ಓವರ್‌ಗಳಿಗೆ ಬಂದಿರುತ್ತದೆ. ಬಸ್ಸು ಶಿರಾಡಿ ಘಾಟಿ ಹತ್ತತೊಡಗಿದರೆ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಸಿಗ್ನಲ್ ಮತ್ತೆ ಸಿಕ್ಕಾಗ ಪಕ್ಕದ ಸೀಟಿನಿಂದ ಒಂದು ಮಾತು ಕೇಳಿಸುವುದುಂಟು: ‘ಹೋದ ಮ್ಯಾಚ್‌ನಲ್ಲಿ ಮೂರು ವಿಕೆಟ್ ತೆಗೆದವನು ಇವತ್ತು ನಾನು ತಂಡಕ್ಕೆ ಹಾಕಿಕೊಂಡ ಕೂಡಲೇ ಕೈಕೊಟ್ಟ!’

ನಿಜವಾಗಿಯೂ ಬೌಲರ್ ಕೈಕೊಟ್ಟನೇ? ಅಥವಾ ನಾವೇ ಅವನನ್ನು ತಪ್ಪಾಗಿ ಅಳೆದೆವೇ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಒಳ್ಳೆಯ ಬೌಲರ್‌ಗೂ ಶೂನ್ಯ ಏಕೆ?

ಟಿ20ಯಲ್ಲಿ ಒಬ್ಬ ಬೌಲರ್‌ಗೆ ಸಿಗುವುದು ಹೆಚ್ಚೆಂದರೆ 4 ಓವರ್, ಅಂದರೆ 24 ಎಸೆತ. ಸರಾಸರಿ 16 ಎಸೆತಕ್ಕೊಂದು ವಿಕೆಟ್ ಪಡೆಯುವ ಉತ್ತಮ ಬೌಲರ್‌ ಒಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಪ್ರತಿ ಎಸೆತದಲ್ಲೂ ಅವನಿಗೆ ವಿಕೆಟ್ ಸಿಗುವ ಸಾಧ್ಯತೆ ಒಂದೇ ಎಂದುಕೊಂಡರೆ, 100 ಪಂದ್ಯಗಳಲ್ಲಿ ಸುಮಾರು 21ರಲ್ಲಿ ಅವನಿಗೆ ಒಂದೂ ವಿಕೆಟ್ ಸಿಗುವುದಿಲ್ಲ. 34ರಲ್ಲಿ ಒಂದು, 26ರಲ್ಲಿ ಎರಡು, ಉಳಿದ 19ರಲ್ಲಿ ಮೂರು ಅಥವಾ ಹೆಚ್ಚು. ಅವನು ಎಲ್ಲ ಪಂದ್ಯಗಳಲ್ಲೂ ಒಂದೇ ರೀತಿ ಬೌಲ್ ಮಾಡಿದ್ದಾನೆ ಎಂಬುದನ್ನು ಮರೆಯಬೇಡಿ! ಎರಡೇ ಓವರ್ ಸಿಕ್ಕರಂತೂ ವಿಕೆಟ್ ಇಲ್ಲದ ಪಂದ್ಯಗಳು 100ಕ್ಕೆ 46.

ಈಗ 20 ಎಸೆತಕ್ಕೊಂದು ವಿಕೆಟ್ ಪಡೆಯುವ ಸಾಧಾರಣ ಬೌಲರ್‌ನನ್ನು ಇವನ ಜೊತೆ ನಿಲ್ಲಿಸೋಣ. ಇಬ್ಬರೂ ಪೂರ್ತಿ 4 ಓವರ್ ಹಾಕಿದರೆ, 100 ಪಂದ್ಯಗಳಲ್ಲಿ ಉತ್ತಮ ಬೌಲರ್ ಹೆಚ್ಚು ವಿಕೆಟ್ ಪಡೆಯುವುದು ಸುಮಾರು 44ರಲ್ಲಿ ಮಾತ್ರ. 26ರಲ್ಲಿ ಸಮಬಲ. ಇನ್ನುಳಿದ 30 ಪಂದ್ಯಗಳಲ್ಲಿ ಸಾಧಾರಣ ಬೌಲರ್‌ನದೇ ಮೇಲುಗೈ! ಅಂದರೆ ನೀವು ಸರಿಯಾದವನನ್ನೇ ಆರಿಸಿದ್ದರೂ ಮೂರು ಪಂದ್ಯಕ್ಕೊಮ್ಮೆ ಹತ್ತಿರ ಹತ್ತಿರ ಸೋತಂತೆ ಕಾಣುತ್ತದೆ.

ಕೊನೆಯ ಓವರ್‌ಗಳಲ್ಲಿ ಏರಿಳಿತ ಇನ್ನೂ ಹೆಚ್ಚು

ಕೊನೆಯ ಓವರ್‌ಗಳಲ್ಲಿ ಬ್ಯಾಟರ್ ಪ್ರತಿ ಎಸೆತಕ್ಕೂ ಬೀಸುತ್ತಾನೆ. ಹಾಗಾಗಿ ಸಿಕ್ಸರ್ ಮತ್ತು ವಿಕೆಟ್ ಎರಡೂ ಹೆಚ್ಚುತ್ತವೆ. ಇವೆರಡರ ನಡುವಿನ ಅಂತರ ಕೆಲವೊಮ್ಮೆ ಒಂದು ಹೆಜ್ಜೆಯಷ್ಟೇ. 2024ರ ಜೂನ್ 29ರಂದು ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್‌ನಲ್ಲಿ ಹಾರ್ದಿಕ್ ಪಾಂಡ್ಯ ಹಾಕಿದ ಮೊದಲ ಎಸೆತವನ್ನು ಡೇವಿಡ್ ಮಿಲ್ಲರ್ ಎತ್ತಿ ಹೊಡೆದರು. ಬೌಂಡರಿ ಗೆರೆಯಂಚಿನಲ್ಲಿ ಸೂರ್ಯಕುಮಾರ್ ಯಾದವ್ ಹಿಡಿದರು. ಅದೇ ಎಸೆತ, ಅದೇ ಹೊಡೆತ, ಸೂರ್ಯ ಅಲ್ಲಿರದಿದ್ದರೆ ಅದು ಸಿಕ್ಸರ್.

ನಮ್ಮ ಅಭಿಮನ್ಯು ಮಿಥುನ್ ಅವರ ಉದಾಹರಣೆ ಇನ್ನೂ ಸೊಗಸಾಗಿದೆ. 2019ರ ನವೆಂಬರ್ 29ರಂದು ಸೂರತ್‌ನಲ್ಲಿ ಹರಿಯಾಣದ ವಿರುದ್ಧ ನಡೆದ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಸೆಮಿಫೈನಲ್‌ನಲ್ಲಿ ಅವರ ಮೊದಲ 3 ಓವರ್‌ಗಳಿಗೆ 37 ರನ್ ಹೋಗಿತ್ತು, ವಿಕೆಟ್ ಇರಲಿಲ್ಲ. ಇನಿಂಗ್ಸ್‌ನ ಕೊನೆಯ ಓವರ್‌ನಲ್ಲಿ ಅವರು ಪಡೆದದ್ದು 5 ವಿಕೆಟ್! ಮೊದಲ ನಾಲ್ಕು ಎಸೆತಗಳಲ್ಲೇ ನಾಲ್ಕು. ಅವರನ್ನು ತಂಡಕ್ಕೆ ಹಾಕಿಕೊಂಡವರು 19 ಓವರ್‌ವರೆಗೆ ಬೈದುಕೊಂಡು, ಆರು ಎಸೆತಗಳಲ್ಲಿ ಜಾಣರಾಗಿಬಿಡುತ್ತಿದ್ದರು.

ಅವಕಾಶವೂ ಬೌಲರ್‌ನ ಕೈಯಲ್ಲಿಲ್ಲ

ಎದುರಾಳಿ 15 ಓವರ್‌ಗೇ ಆಲೌಟ್ ಆದರೆ ಕೊನೆಗೆಂದು ಉಳಿಸಿಟ್ಟ ಬೌಲರ್‌ನ ಓವರ್‌ಗಳು ಹಾಗೆಯೇ ಉಳಿಯುತ್ತವೆ. ಅವನ ತಂಡ ಗೆದ್ದರೂ ನಿಮಗೆ ಅಂಕವಿಲ್ಲ.

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳದೂ ಇದೇ ಗೋಳು. ಫ್ಯಾಂಟಸಿ ಆಟ ಜನಪ್ರಿಯವಾದದ್ದೇ ಅಲ್ಲಿ, 1980ರಲ್ಲಿ ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಕಟ್ಟಿದ ‘ರೋಟಿಸರಿ ಲೀಗ್’ನಿಂದ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಪಂದ್ಯದ ಕೊನೆಗೆ ಬಂದು ಗೆಲುವನ್ನು ಕಾಪಾಡುವ ಪಿಚರ್‌ಗೆ ‘ಸೇವ್’ ಎಂಬ ಅಂಕ ಸಿಗುತ್ತದೆ. ಕೊನೆಯ ಇನಿಂಗ್ಸ್ ಶುರುವಾಗುವಾಗ ಅವನ ತಂಡ 4 ರನ್ ಮುಂದಿದ್ದರೆ ಸಾಮಾನ್ಯವಾಗಿ ಸೇವ್ ಇಲ್ಲ, 3 ರನ್ ಮುಂದಿದ್ದರೆ ಇದೆ. ಅವನು ಎಷ್ಟು ಚೆನ್ನಾಗಿ ಎಸೆದ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಾವು ನಂಬುವ ಎರಡು ಮಿಥ್ಯೆಗಳು

ಮಿಥ್ಯೆ 1: ‘ಎರಡು ಮ್ಯಾಚ್‌ನಿಂದ ವಿಕೆಟ್ ಇಲ್ಲ, ಇವತ್ತು ಖಂಡಿತ ಬರುತ್ತದೆ.’ ಚೆಂಡಿಗೆ ನೆನಪಿಲ್ಲ. ಹಿಂದಿನ ಶೂನ್ಯಗಳ ಬಾಕಿಯನ್ನು ಇವತ್ತಿನ ಪಂದ್ಯ ತೀರಿಸುವುದಿಲ್ಲ.

ಮಿಥ್ಯೆ 2: ‘ಅವನ ಕಥೆ ಮುಗಿಯಿತು.’ 2023ರ ಏಪ್ರಿಲ್ 9ರಂದು ಅಹಮದಾಬಾದ್‌ನಲ್ಲಿ ಯಶ್ ದಯಾಳ್ ಅವರ ಕೊನೆಯ ಓವರ್‌ಗೆ ರಿಂಕು ಸಿಂಗ್ ಸತತ ಐದು ಸಿಕ್ಸರ್ ಹೊಡೆದರು. ದಯಾಳ್ 4 ಓವರ್‌ಗೆ 69 ರನ್ ಕೊಟ್ಟಿದ್ದರು. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪರ ಕೊನೆಯ ಓವರ್ ಹಾಕಿದ್ದೂ ಇದೇ ದಯಾಳ್. ಪ್ಲೇಆಫ್‌ಗೆ ಹೋಗಲು ಚೆನ್ನೈಗೆ ಬೇಕಿದ್ದದ್ದು 17 ರನ್. ಮೊದಲ ಎಸೆತಕ್ಕೆ ಧೋನಿ ಸಿಕ್ಸರ್, ಎರಡನೆಯದಕ್ಕೆ ಔಟ್. ಒಟ್ಟು ಕೊಟ್ಟದ್ದು 7 ರನ್. ಆ ಐದು ಸಿಕ್ಸರ್ ನೋಡಿ ಅವರ ಕಥೆ ಮುಗಿಯಿತು ಎಂದವರೂ ತಪ್ಪು, ಈ ಒಂದು ಓವರ್ ನೋಡಿ ‘ಇನ್ನು ಸೋಲೇ ಇಲ್ಲ’ ಎನ್ನುವುದೂ ತಪ್ಪು.

ಜುಲೈ ತಿಂಗಳಲ್ಲಿ ಗುಂಡ್ಯದಲ್ಲಿ ಒಂದು ದಿನ ಬಿಸಿಲು ಬಿದ್ದರೆ ಮಳೆಗಾಲ ಮುಗಿಯಿತೆಂದು ಯಾರೂ ಕೊಡೆ ಒಳಗಿಡುವುದಿಲ್ಲ. ಬೌಲರ್ ವಿಷಯದಲ್ಲಿ ಮಾತ್ರ ನಾವು ಒಂದು ದಿನ ನೋಡಿ ತೀರ್ಪು ಕೊಟ್ಟುಬಿಡುತ್ತೇವೆ.

‘ನಾನು ಹಾಕಿಕೊಂಡ ಕೂಡಲೇ’ ಏಕೆ?

ನಾವು ಬೌಲರ್‌ನನ್ನು ಆರಿಸುವುದು ಸಾಮಾನ್ಯವಾಗಿ ಅವನು ಮಿಂಚಿದ ಮರುದಿನ. ಆ ಮಿಂಚಿನಲ್ಲಿ ಕೌಶಲದ ಜೊತೆ ಅದೃಷ್ಟವೂ ಸೇರಿತ್ತು. ಮುಂದಿನ ಪಂದ್ಯಕ್ಕೆ ಕೌಶಲ ಬರುತ್ತದೆ, ಅದೃಷ್ಟ ಬಂದೇ ಬರುತ್ತದೆ ಎಂದೇನಿಲ್ಲ. ಹಾಗಾಗಿ ಅವನು ತನ್ನ ಸರಾಸರಿಯ ಕಡೆಗೆ ಇಳಿಯುತ್ತಾನೆ. ನಮಗೆ ಅದು ಮೋಸದಂತೆ ಕಾಣುತ್ತದೆ.

ಇದರಲ್ಲಿ ಹಣವೂ ಇತ್ತು

ಈ ತಪ್ಪು ತಿಳಿವಳಿಕೆ ಬರೀ ಬೇಸರಕ್ಕೆ ನಿಲ್ಲುವುದಿಲ್ಲ. ‘ಕಳೆದದ್ದನ್ನು ಇವತ್ತು ಹಿಂದೆ ಪಡೆಯುತ್ತೇನೆ’ ಎಂದು ಮತ್ತೆ ಮತ್ತೆ ಹಣ ಹಾಕುವುದರ ಹಿಂದೆ ಇರುವುದು ಮೊದಲನೆಯ ಮಿಥ್ಯೆಯೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಬೆನ್ನಲ್ಲೇ ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಆದರೂ ಯಾರಾದರೂ ‘ಗೆಲ್ಲುವ ಟೀಮ್ ಕೊಡುತ್ತೇವೆ’ ಎಂದು ಹಣ ಕೇಳಿದರೆ ಮೇಲಿನ 44–26–30ರ ಲೆಕ್ಕ ನೆನಪಿಸಿಕೊಳ್ಳಿ.

ಗೆಳೆಯರ ಜೊತೆ ಹಣವಿಲ್ಲದೆ ಆಡುತ್ತೀರಾದರೆ ಮೂರು ವಿಷಯ ಸಾಕು. ಹಿಂದಿನ ಪಂದ್ಯವನ್ನಲ್ಲ, ಎರಡು ಮೂರು ಸೀಸನ್‌ಗಳ ದಾಖಲೆ ನೋಡಿ. ಪೂರ್ತಿ 4 ಓವರ್ ಸಿಗುವವನನ್ನೇ ಆರಿಸಿ. ಕ್ಯಾಪ್ಟನ್ ಅಂಕ ದುಪ್ಪಟ್ಟಾಗುವುದರಿಂದ ಏರಿಳಿತವೂ ದುಪ್ಪಟ್ಟು, ಆ ಜಾಗ ಇವನಿಗೆ ಬೇಡ. ಇಷ್ಟು ಮಾಡಿದರೂ ಐದು ಪಂದ್ಯಕ್ಕೊಮ್ಮೆ ಶೂನ್ಯ ಬರುತ್ತದೆ. ಆಗ ಬೌಲರ್‌ನನ್ನು ಬೈಯಬೇಡಿ, ಅವನ ಕೈಯಲ್ಲಿದ್ದದ್ದು 24 ಎಸೆತ ಮಾತ್ರ.