ಥಂಡಿಗೊಂದು ದಮ್ಮು: ನಂಬಿದ್ದೆಷ್ಟು, ನಿಜ ಎಷ್ಟು?

ಮಳೆಗಾಲದಲ್ಲಿ ಸೊರಬ, ಆನವಟ್ಟಿ ಕಡೆ ಸಿಗರೇಟಿಗೆ ಸಿಗುವ ಮರ್ಯಾದೆ ಕಂಬಳಿಗೂ ಸಿಗುವುದಿಲ್ಲ. ನಾಟಿ ಮುಗಿಸಿ ನೆನೆದು ಬಂದವರು ಗೂಡಂಗಡಿಯ ಮಾಡಿನ ಕೆಳಗೆ ನಿಂತು, ದಾರದಲ್ಲಿ ನೇತುಬಿಟ್ಟ ಲೈಟರ್ ಎಳೆದು ಹೊತ್ತಿಸುತ್ತಾರೆ. “ಥಂಡಿಗೆ ಒಂದು ದಮ್ಮು ಎಳೀಬೇಕು ಮಾರಾಯ, ಮೈ ಬೆಚ್ಚಗಾಗ್ತದೆ.” ಆಗುವುದು ಉಲ್ಟಾ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೈಕಾಲಿನ ತುದಿಗೆ ಬಿಸಿರಕ್ತ ಹರಿಯುವುದು ಕಡಿಮೆಯಾಗಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಜೊತೆಗೆ ಕುಡಿದ ಚಹಾಕ್ಕೆ ಸಲ್ಲಬೇಕಾದ ಹೆಸರನ್ನು ಸಿಗರೇಟು ಹೊಡೆದುಕೊಂಡು ಹೋಗುತ್ತಿದೆ, ಅಷ್ಟೇ.

“ಬೆಳಿಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಸಾಫ್ ಆಗಲ್ಲ” ಎನ್ನುವುದು ಇನ್ನೂ ಗಟ್ಟಿ ನಂಬಿಕೆ, ಯಾಕೆಂದರೆ ಇದರಲ್ಲಿ ಅರ್ಧ ನಿಜವಿದೆ. ನಿಕೋಟಿನ್ ಕರುಳನ್ನು ಕೆದಕುತ್ತದೆ. ಬಿಟ್ಟವರಲ್ಲಿ ಕೆಲವರಿಗೆ ಮೊದಮೊದಲು ಮಲಬದ್ಧತೆ ಆಗುವುದೂ ಹೌದು. ಆದರೆ ಹುಟ್ಟಿದಾಗ ಯಾರ ಕರುಳೂ ಬೀಡಿ ಕೇಳಿರಲಿಲ್ಲ. ಕೆಲವು ವಾರಗಳಲ್ಲಿ ಅದು ತನ್ನ ಲಯಕ್ಕೆ ಮರಳುತ್ತದೆ. ಅಲ್ಲಿಯತನಕ ನೀರು, ಸೊಪ್ಪಿನ ಸಾರು, ಬಾಳೆಹಣ್ಣು ಸಾಕು.

ಟೆನ್ಷನ್ ಕಥೆಯೂ ಇದೇ ಜಾತಿಯದು. ಎಳೆದ ಹೊಗೆಯ ನಿಕೋಟಿನ್ ಮಿದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆಗ ಶುರುವಾಗುವ ಚಡಪಡಿಕೆಯನ್ನೇ ಸೇದುವವರು ಟೆನ್ಷನ್ ಅನ್ನುತ್ತಾರೆ. ಮುಂದಿನ ಸಿಗರೇಟು ಅದನ್ನು ತಣಿಸುತ್ತದೆ, ಹಿಂದಿನ ಸಿಗರೇಟೇ ಅದನ್ನು ತಂದಿಟ್ಟದ್ದು ಮರೆತುಹೋಗುತ್ತದೆ. ಬಿಟ್ಟಾಗ ಈ ಚಡಪಡಿಕೆ ಎರಡು ಮೂರು ದಿನ ಜೋರಾಗಿರುತ್ತದೆ. ಸಿಟ್ಟು, ನಿದ್ದೆಗೇಡು, ಮನೆಯವರ ಮೇಲೆ ರೇಗಾಟ ಎಲ್ಲ ಬರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಸೇದಬೇಕೆಂಬ ಒಂದೊಂದು ಸೆಳೆತ ಕೆಲವೇ ನಿಮಿಷದ್ದು. “ಬಿಟ್ಟ ಮೇಲೆ ಕೆಮ್ಮು ಜಾಸ್ತಿ ಆಯ್ತು” ಎಂದು ಮತ್ತೆ ಹಿಡಿಯುವವರಿದ್ದಾರೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಚೇತರಿಸಿಕೊಂಡು ಕಫ ಹೊರಹಾಕುವಾಗ ಕೆಲವರಿಗೆ ಹಾಗಾಗುತ್ತದೆ. ಕಫದಲ್ಲಿ ರಕ್ತ ಕಂಡರೆ ಅಥವಾ ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ಮಾತ್ರ ವೈದ್ಯರ ಹತ್ತಿರ ಹೋಗಲೇಬೇಕು.

ನಮ್ಮ ಕಡೆಯ ದೊಡ್ಡ ಮೋಸ ಬೇರೆಯೇ ಇದೆ. “ಸಿಗರೇಟು ಬಿಟ್ಟೆ, ಈಗ ಬರೀ ಎಲೆ ಅಡಿಕೆ, ಚೂರು ತಂಬಾಕು” ಎಂದು ಹೆಮ್ಮೆಯಿಂದ ಹೇಳುವವರು ಶಿರಾಳಕೊಪ್ಪದಲ್ಲೂ ಇದ್ದಾರೆ, ಸೊರಬದಲ್ಲೂ ಇದ್ದಾರೆ. ಅವರು ಬಿಟ್ಟದ್ದು ಹೊಗೆಯನ್ನು, ಚಟವನ್ನಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯವರು ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಕೊಡಲು ಶುರುಮಾಡಿದರು, ಬೆರೆಸುವ ಕೆಲಸ ಗಿರಾಕಿಯದಾಯಿತು. ತಂಬಾಕಿಲ್ಲದ ಅಡಿಕೆಯ ಮಾತು ಅಡಿಕೆ ಬೆಳೆದೇ ಬದುಕುವ ಊರಲ್ಲಿ ಹೇಳಲು ಹಿತವಲ್ಲ. ಬೆಳೆಗಾರರ ತಕರಾರು ಏನೇ ಇರಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸದಾ ಜಗಿಯುವವರು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಿ ನೋಡಲಿ. ಹೋಗದಿದ್ದರೆ ಕೆನ್ನೆಯ ಒಳಪದರ ಬಿಗಿಯತೊಡಗಿರಬಹುದು, ದಂತವೈದ್ಯರನ್ನು ಕಾಣುವ ಹೊತ್ತು ಬಂದಿದೆ.

“ದಿನಕ್ಕೆ ಒಂದೇ ಕಣೋ, ಏನಾಗ್ತದೆ?” ಎಂಬುದಕ್ಕೆ 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಉತ್ತರ ಕೊಟ್ಟಿದೆ: ಇಪ್ಪತ್ತು ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಸೇದುವವರಿಗೆ ಅದರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. “ಅರವತ್ತಾಯ್ತು, ಇನ್ನು ಬಿಟ್ಟು ಏನು?” ಎನ್ನುವುದೂ ಸುಳ್ಳು. ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಅರವತ್ತಕ್ಕೆ ಬಿಟ್ಟವರಿಗೂ ಸುಮಾರು ಮೂರು ವರ್ಷ ಆಯುಸ್ಸು ಸಿಕ್ಕಿತು. ನಲವತ್ತಕ್ಕೆ ಬಿಟ್ಟವರಿಗೆ ಒಂಬತ್ತು. ತೊಂಬತ್ತರವರೆಗೂ ಬೀಡಿ ಸೇದಿದ ಅಜ್ಜ ಎಲ್ಲ ಊರಲ್ಲೂ ಒಬ್ಬನಿರುತ್ತಾನೆ. ಐವತ್ತೈದಕ್ಕೇ ಹೋದವರ ಲೆಕ್ಕ ಕಟ್ಟೆಯ ಮೇಲೆ ಯಾರೂ ಹೇಳುವುದಿಲ್ಲ.

“ಒಮ್ಮೆಲೇ ಬಿಟ್ಟರೆ ಎದೆಗೆ ಹೊಡೆತ” ಎಂಬ ಹೆದರಿಕೆಯೂ ಬೇಡ. ಬಿಟ್ಟ ದಿನದಿಂದಲೇ ಹೃದಯದ ಹೊರೆ ಇಳಿಯುತ್ತದೆ. ಬರೀ ಛಲ ಸಾಲದವರಿಗೆ ಔಷಧ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಬಬಲ್ ಗಮ್ಮಿನಂತೆ ಸತತ ಜಗಿದು, ಬಿಕ್ಕಳಿಕೆ ಬಂತೆಂದು ಉಗಿದು ಬಿಡುವವರೇ ಹೆಚ್ಚು. ನಾಲ್ಕು ಸಲ ಜಗಿದು, ಖಾರ ತಗುಲಿದಾಗ ದವಡೆಯ ಪಕ್ಕ ಒತ್ತಿಡಬೇಕು. ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು.

2018ರಿಂದ ಪ್ರತಿ ಪ್ಯಾಕಿನ ಮೇಲೂ ತಂಬಾಕು ಬಿಡಿಸುವ ಸಹಾಯವಾಣಿಯ ಸಂಖ್ಯೆ ಅಚ್ಚಾಗುತ್ತಿದೆ. ಆದರೆ ಗೂಡಂಗಡಿಯಲ್ಲಿ ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪ್ಯಾಕೇ ಬರುವುದಿಲ್ಲ. ಹುಣ್ಣಿನ ಚಿತ್ರವೂ ಸಂಖ್ಯೆಯೂ ಅಂಗಡಿಯವನ ಹತ್ತಿರವೇ ಉಳಿಯುತ್ತವೆ. ಹಾಗೆ ಬಿಡಿಯಾಗಿ ಮಾರುವುದು ರಾಜ್ಯದಲ್ಲಿ ಕಾನೂನುಬಾಹಿರ ಎಂಬುದು ಬೇರೆ ಮಾತು. ಸಂಖ್ಯೆ 1800-11-2356. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.